ಇತರೆ ವಿಷಯಗಳು

ಪುರಸಭೆಯ ಸಾಮಾನ್ಯ ಸಭೆಯ ಅಜೆಂಡಾ ಯಾವ ಊರಿನದಾದರೂ ಒಂದೇ ಧಾಟಿ. ಮೊದಲು ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವುದು. ಆಮೇಲೆ ಜಮಾ-ಖರ್ಚು, ಕ್ರಿಯಾಯೋಜನೆ, ಟೆಂಡರ್ ದರಗಳ ಮಂಜೂರಾತಿ. ನಡುವೆ ನಾಲ್ಕಾರು ಘಟನೋತ್ತರ ಅನುಮೋದನೆಗಳು. ಕೆಲಸ ಮುಗಿದು ತಿಂಗಳಾಗಿರುತ್ತದೆ, ಸಭೆ ಈಗ 'ಆಗಲಿ' ಅನ್ನಬೇಕು. ಕಟ್ಟಕಡೆಗೆ 'ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು'. ಮೇಲಿನ ಇಪ್ಪತ್ತು ವಿಷಯಗಳಿಗೆ ಅರ್ಧ ಗಂಟೆ ಸಾಕು. ಊರು ಸಭೆಗೆ ಬರುವುದೇ ಕೊನೆಯ ಸಾಲಿನಲ್ಲಿ. ಬಂತೆಂದರೆ ಮುಖ್ಯಾಧಿಕಾರಿಗಳ ಮಧ್ಯಾಹ್ನದ ಊಟ ಮೂರು ಗಂಟೆಗೆ.

ಹಣದ ವಿಷಯ ಬೇಗ ಮುಗಿಯುವುದಕ್ಕೆ ಸದಸ್ಯರ ಉದಾಸೀನ ಕಾರಣವಲ್ಲ. ಹಣದ ಹಣೆಬರಹ ಮೇಲಿನಿಂದಲೇ ಬರೆದು ಬಂದಿರುತ್ತದೆ. ನಿಧಿಯಲ್ಲಿ ಶೇ 24.10 ಪರಿಶಿಷ್ಟ ಜಾತಿ-ಪಂಗಡಕ್ಕೆ, ಶೇ 7.25 ಇತರೆ ಬಡವರಿಗೆ, ಶೇ 5 ಅಂಗವಿಕಲರಿಗೆ ಎತ್ತಿಡಬೇಕು. ಮನೆ ಕಂದಾಯದ ರಸೀದಿಯಲ್ಲಿರುವುದೆಲ್ಲ ಪುರಸಭೆಯದಲ್ಲ: ಕಂದಾಯದ ಪ್ರತಿ ನೂರು ರೂಪಾಯಿಯ ಮೇಲೆ ಗ್ರಂಥಾಲಯ ಕರ 6, ಭಿಕ್ಷುಕರ ಕರ 3 ಹಿಡಿದು ಬೇರೆಯವರಿಗೆ ಕಳಿಸಬೇಕು. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ, ಜುಲೈನಿಂದ ತಿಂಗಳಿಗೆ ಶೇ 2 ದಂಡ ಇದ್ದರೂ ಬಾಕಿ ಬಾಕಿಯೇ. ಸಂಬಳ, ಪಂಪ್‌ಹೌಸಿನ ಕರೆಂಟು ಬಿಲ್ಲು ಕಳೆದು ಉಳಿದದ್ದನ್ನು 23 ವಾರ್ಡಿಗೆ ಹಂಚಿದರೆ ತಲಾ ಒಂದು ತುಂಡು ಚರಂಡಿ, ಎರಡು ಸ್ಲ್ಯಾಬು. ಅಷ್ಟಾಗಿಯೂ ಮಂಡನೆಯಾಗುವುದು ಮಾತ್ರ ಉಳಿತಾಯ ಬಜೆಟ್ಟೇ!

ಇತರೆ ವಿಷಯಗಳಲ್ಲಿ ಮೊದಲು ಏಳುವುದು ನೀರು. ಒಳಚರಂಡಿ ಇರುವ ಪಟ್ಟಣದಲ್ಲಿ ತಲೆಗೆ ದಿನಕ್ಕೆ 135 ಲೀಟರ್, ಇಲ್ಲದ ಕಡೆ 70 ಎಂಬುದು ಇಲಾಖೆಯ ಲೆಕ್ಕ. 'ನಮ್ಮ ವಾರ್ಡಿಗೆ ಎಂಟು ದಿನ ಆಯ್ತು ಸ್ವಾಮಿ' ಎಂಬುದು ಸದಸ್ಯರ ಲೆಕ್ಕ. ಟ್ಯಾಂಕು ತುಂಬಿದ್ದರೂ ಹೀಗಾಗುತ್ತದೆ. ಓವರ್‌ಹೆಡ್ ಟ್ಯಾಂಕಿನ ಬುಡದ ಬೀದಿಯವರು ನೆಲದಲ್ಲಿ ಗುಂಡಿ ತೋಡಿ, ನಲ್ಲಿ ಕೆಳಗಿಳಿಸಿ ಹಿಡಿಯುತ್ತಾರೆ. ಅದರಾಚೆಯವರು ಲೈನಿಗೇ ಮೋಟಾರು ಹಾಕಿ ಎಳೆಯುತ್ತಾರೆ. ದಿಬ್ಬದ ಮೇಲಿನ ಕೊನೆಯ ಮನೆಗಳಿಗೆ ಬರುವುದು ಬರೀ ಬುಸ್ ಎಂಬ ಗಾಳಿ. ಮೋಟಾರು ಎಳೆಯುವಾಗ ಪೈಪಿನಲ್ಲಿ ಒತ್ತಡ ಇಳಿದು, ಚರಂಡಿಯೊಳಗೆ ಹಾದುಹೋದ ಸಡಿಲ ಜಾಯಿಂಟುಗಳಿಂದ ಕೊಳಚೆಯೂ ಒಳಗೆ ಬರುತ್ತದೆ. ಮುಂದಿನ ಸಭೆಯಲ್ಲಿ ದೂರು 'ನೀರಿಲ್ಲ' ಎಂದಲ್ಲ, 'ನೀರು ವಾಸನೆ' ಎಂದು.

ಇದಕ್ಕೆ ಪ್ರತಿ ಸಭೆಯಲ್ಲೂ ಕೇಳುವ ಪರಿಹಾರ ಹೊಸ ಬೋರ್‌ವೆಲ್. ಬೇಕಾಗಿರುವುದು ವಾಲ್ವು. ತಗ್ಗಿನ ಬೀದಿಗಳ ವಾಲ್ವು ಮುಚ್ಚಿ ಮೇಲಿನವಕ್ಕೆ ಮೊದಲು ಬಿಡಬೇಕು. ಯಾವ ವಾಲ್ವಿಗೆ ಎಷ್ಟು ಸುತ್ತು, ಯಾವುದಕ್ಕೆ ಥ್ರೆಡ್ ಹೋಗಿದೆ, ಯಾವುದನ್ನು ಪೂರ್ತಿ ಮುಚ್ಚಿದರೆ ಕೆಳಗಿನ ಹಳೇ ಪೈಪು ಒಡೆಯುತ್ತದೆ, ಇವೆಲ್ಲ ಇರುವುದು ನಕ್ಷೆಯಲ್ಲಲ್ಲ, ವಾಲ್ವ್‌ಮ್ಯಾನ್ ತಲೆಯಲ್ಲಿ. ಅವನು ಮಗಳ ಮದುವೆಗೆಂದು ವಾರ ರಜೆ ಹಾಕಿದರೆ ಅಧ್ಯಕ್ಷರ ಮನೆಗೂ ಟ್ಯಾಂಕರ್ ಬರಬೇಕು. ಸಿ.ಸಿ. ರಸ್ತೆ ಹಾಕುವವರು ವಾಲ್ವ್ ಚೇಂಬರನ್ನೂ ಸೇರಿಸಿ ಮುಚ್ಚಿಬಿಟ್ಟರಂತೂ ಮುಗಿಯಿತು. ಮೂರು ತಿಂಗಳ ರಸ್ತೆಯನ್ನು ಅಂದಾಜಿನ ಮೇಲೆ ನಾಲ್ಕು ಕಡೆ ಅಗೆಯಬೇಕು.

ಚರಂಡಿಯದು ಇಳಿಜಾರಿನ ತಕರಾರು. ನೂರು ಅಡಿಗೆ ಅರ್ಧ ಅಡಿ ಇಳಿಸಿದರೆ ನೀರು ತಾನಾಗಿ ಹರಿಯುತ್ತದೆ. ಆದರೆ ಒಂದೇ ಚರಂಡಿಯನ್ನು ಈ ವರ್ಷ ಈ ವಾರ್ಡಿನಲ್ಲಿ ಒಬ್ಬ ಗುತ್ತಿಗೆದಾರ, ಮುಂದಿನ ವರ್ಷ ಪಕ್ಕದ ವಾರ್ಡಿನಲ್ಲಿ ಇನ್ನೊಬ್ಬ ಕಟ್ಟುತ್ತಾರೆ. ಕೆಳಗಿನವನ ತಳ ಮೇಲಿನವನದಕ್ಕಿಂತ ಎತ್ತರವಾದರೆ ವಾರ್ಡಿನ ಗಡಿಯನ್ನು ಸೊಳ್ಳೆಗಳೇ ತೋರಿಸುತ್ತವೆ. ಮೇಲೆ ಮನೆಯವರು ಬೈಕ್ ಹತ್ತಿಸಲು ಹಾಕಿದ ಕಾಂಕ್ರೀಟು. ಅದರಡಿ ಪೌರಕಾರ್ಮಿಕರ ಸಲಿಕೆ ಹೋಗುವುದಿಲ್ಲ. ತೆಗೆದ ಹೂಳನ್ನು ಹಸಿಯಾಗಿಯೇ ಟ್ರಾಕ್ಟರಿಗೆ ತುಂಬಿದರೆ ಬೀದಿಯುದ್ದಕ್ಕೂ ಸೋರುತ್ತದೆಂದು ಎರಡು ದಿನ ದಂಡೆಯಲ್ಲಿ ಒಣಗಲು ಬಿಡುತ್ತಾರೆ. ಅಷ್ಟರಲ್ಲಿ ಮಳೆ ಬಂದರೆ ಹೂಳು ಮತ್ತೆ ಚರಂಡಿಗೆ.

ಬೀದಿ ದೀಪ ಹಗಲಲ್ಲಿ ಉರಿದು ರಾತ್ರಿ ಆರುವುದು ಯಾರದೋ ಕುಚೇಷ್ಟೆಯಲ್ಲ. ಕರೆಂಟು ಹೋದಾಗ ಹಳೇ ಟೈಮರಿನ ಗಡಿಯಾರವೂ ನಿಲ್ಲುತ್ತದೆ. ದಿನಕ್ಕೆ ಎರಡು ಗಂಟೆ ಲೋಡ್‌ಶೆಡ್ಡಿಂಗ್ ಆದರೆ ವಾರದಲ್ಲಿ ಹದಿನಾಲ್ಕು ಗಂಟೆ ಹಿಂದೆ. ಬೀದಿ ನಾಯಿಯ ಚರ್ಚೆ ಬಿಸಿಯಾದರೂ ಚಿಕ್ಕದು. ಸಂತಾನಹರಣ ಚಿಕಿತ್ಸೆ, ರೇಬಿಸ್ ಲಸಿಕೆ ಆದಮೇಲೆ ನಾಯಿಯನ್ನು ಹಿಡಿದ ಬೀದಿಗೇ ತಂದು ಬಿಡಬೇಕೆಂದು 2023ರ ನಿಯಮ ಹೇಳುತ್ತದೆ. ಅದನ್ನು ಸಭೆಗೆ ಓದಿ ಹೇಳುವ ಆರೋಗ್ಯ ನಿರೀಕ್ಷಕರ ಮುಖ ನೋಡುವಂತಿರುತ್ತದೆ.

ಸಭೆಯೇ ನಡೆಯದ ಕಾಲವೂ ಇದೆ. ಅಧ್ಯಕ್ಷ ಗಾದಿಯ ಅವಧಿ 30 ತಿಂಗಳು, ಪ್ರತಿ ಅವಧಿಗೂ ಹೊಸ ಮೀಸಲಾತಿ. ಮೀಸಲಾತಿ ಪಟ್ಟಿ ಹೈಕೋರ್ಟಿಗೆ ಹೋದರೆ ಸರ್ಕಾರ ನೇಮಿಸುವ ಆಡಳಿತಾಧಿಕಾರಿಯೇ ಗತಿ. 2018ರ ಆಗಸ್ಟ್ ಕೊನೆಯ ಚುನಾವಣೆಯಲ್ಲಿ ಗೆದ್ದವರು ಹಲವು ಊರುಗಳಲ್ಲಿ ಅಧ್ಯಕ್ಷರನ್ನು ಕಂಡದ್ದು 2020ರ ಕೊನೆಗೆ. ಕಡತಗಳೇನೋ ಆಗಲೂ ಓಡಾಡುತ್ತವೆ. ಬೈಯಲು ಮಾತ್ರ ಯಾರೂ ಸಿಗುವುದಿಲ್ಲ, ಇದು ಸಣ್ಣ ನಷ್ಟವಲ್ಲ.

ಮುಕ್ಕಾಲು ಗಂಟೆ ಕೂಗಾಡಿದ ಚರಂಡಿ ನಡಾವಳಿಯಲ್ಲಿ ಒಂದು ಸಾಲಾಗುತ್ತದೆ: 'ಕಿರಿಯ ಅಭಿಯಂತರರು ಸ್ಥಳ ಪರಿಶೀಲಿಸಿ ಕ್ರಮ ಕೈಗೊಳ್ಳಲು ಸರ್ವಾನುಮತದಿಂದ ತೀರ್ಮಾನಿಸಲಾಯಿತು.' ಇದರಲ್ಲಿ ಉದ್ದವಿಲ್ಲ, ಅಗಲವಿಲ್ಲ, ಮೊತ್ತವಿಲ್ಲ. ಅಂದಾಜು ಪಟ್ಟಿ ಇಲ್ಲದ ಕೆಲಸಕ್ಕೆ ಲೆಕ್ಕಶಾಖೆ ಒಂದು ಪೈಸೆಯನ್ನೂ ಬಿಡುವುದಿಲ್ಲ. ಅದಕ್ಕೇ ಎರಡನೇ ಸಲ ಗೆದ್ದು ಬಂದ ಸದಸ್ಯರು ಹೆಚ್ಚು ಕೂಗುವುದಿಲ್ಲ. ನೋಟಿಸ್ ಹೊರಡುವ ಮೊದಲೇ ಒಂದು ಬೆಳಿಗ್ಗೆ ಇಂಜಿನಿಯರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋಗಿ, ಟೇಪು ಹಿಡಿಸಿ, ಅಂದಾಜು ಪಟ್ಟಿ ಬರೆಸಿ, ಸಹಿ ಹಾಕಿಸಿ, ಅಜೆಂಡಾದ ಹನ್ನೊಂದನೇ ವಿಷಯವಾಗಿ ಸೇರಿಸಿಬಿಡುತ್ತಾರೆ. ಮಿಕ್ಕವರು ಮಿಕ್ಸ್ಚರಿನ ಪೊಟ್ಟಣ ಬಿಚ್ಚುವಷ್ಟರಲ್ಲಿ ಅದು ಪಾಸಾಗಿರುತ್ತದೆ.