ಕುರುಚಲು ಗುಡ್ಡಕ್ಕೆ ಸಸಿ ನೆಡೋ ಮುಂಚೆ

ಆರಿಂಚಿನ ಪಿವಿಸಿ ಪೈಪಿನ ಒಂದಡಿ ತುಂಡು, ಲೀಟರಿನ ಬಾಟಲಿ, ಮೊಬೈಲು. ಇಷ್ಟು ಹಿಡಿದು ನಿಮ್ಮೂರ ಗುಡ್ಡದ ಬುಡಕ್ಕೆ ಹೋಗಿ. ಪೈಪನ್ನು ಮೂರು ಬೆರಳಷ್ಟು ಮಣ್ಣಿಗಿಳಿಸಿ, ಮೊದಲ ಲೀಟರು ಹುಯ್ದು ನೆನೆಯಲು ಬಿಡಿ, ಎರಡನೆಯದು ಇಂಗಲು ಎಷ್ಟು ಹೊತ್ತು ಬೇಕು ಅಂತ ಟೈಮ್ ನೋಡಿ. ಒಂದು ಲೀಟರು ಪೈಪಿನೊಳಗೆ ಸುಮಾರು ಐದೂವರೆ ಸೆಂ.ಮೀ. ನಿಲ್ಲುತ್ತೆ, ದೊಡ್ಡ ಮಳೆಯೊಂದರ ಲೆಕ್ಕ. ಹುಲ್ಲಿನ ನಡುವೆ ಒಮ್ಮೆ, ದನ ತುಳಿದ ಜಾಡಿನಲ್ಲಿ ಒಮ್ಮೆ ಮಾಡಿ. ಜಾಡಿನಲ್ಲಿ ನೀರು ಹಾಗೇ ನಿಂತು ನಿಮ್ಮ ಮುಖ ತೋರಿಸ್ತಿರುತ್ತೆ. (ಪೈಪಿನ ಬುಡದಿಂದ ಹೊರಗೆ ಜಿನುಗಿದರೆ ಲೆಕ್ಕ ತಪ್ಪು, ಬೇರೆ ಕಡೆ ಊರಿ.)

ವನಮಹೋತ್ಸವ ಬಂದರೆ ಸಾಕು, ಮಂಡ್ಯ-ಮೈಸೂರಿನ ಗುಡ್ಡಗಳಲ್ಲಿ ಗುಂಡಿ ತೋಡುವ ಹುರುಪು. ಅಂತರ್ಜಲ ಹೆಚ್ಚಲಿ ಅಂತ. ಗಿಡ ನೆಟ್ಟ ಮಾತ್ರಕ್ಕೆ ಬೋರ್‌ವೆಲ್ ತುಂಬೋದಿಲ್ಲ ಸ್ವಾಮಿ, ಮರವೂ ನೀರು ಕುಡಿಯುತ್ತೆ. ಇಲ್ಲಿ ವರ್ಷಕ್ಕೆ ಬೀಳೋದು 700ರಿಂದ 800 ಮಿ.ಮೀ. ಆಸುಪಾಸು. ಅದರಲ್ಲಿ ದೊಡ್ಡ ಪಾಲು ಮೇ ತಿಂಗಳಲ್ಲಿ, ಮತ್ತೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಡಿದು ಹೋಗುವ ಗುಡುಗುಮಳೆ. ಅದನ್ನು ಹಿಡಿಯೋದು ಹುಲ್ಲು, ತರಗೆಲೆ, ಗೆದ್ದಲು ಕೊರೆದ ತೂತುಗಳು. ಕೆಳಗಿರೋದು ಗಟ್ಟಿ ಬಂಡೆ. ನೀರಿಗೆ ಜಾಗ ಇರೋದು ಅದರ ಮೇಲಿನ ಶಿಥಿಲ ಪದರದಲ್ಲಿ, ಬಿರುಕುಗಳಲ್ಲಿ. ಒತ್ತೊತ್ತಾಗಿ ನೆಟ್ಟ ಮರಗಳ ಬೇರು ಇಳಿಯೋದೂ ಅಲ್ಲಿಗೇ.

ಮೇಲುಕೋಟೆ ವನ್ಯಧಾಮ 1974ರಲ್ಲಿ ಆಗಿದ್ದೇ ತೋಳಗಳಿಗಾಗಿ. ತೋಳಕ್ಕೆ ಬೇಕಿರೋದು ದೂರ ಕಾಣುವ ಬಯಲು, ಬಂಡೆ, ಅಲ್ಲೊಂದು ಇಲ್ಲೊಂದು ಕಾರೆ-ಕವಳೆ ಪೊದೆ. ಇಂಥ ಜಾಗವನ್ನು ‘ಬರಡು’ ಅಂತ ಕರೆದು ಹಸಿರು ಮಾಡಲು ಹೊರಡ್ತೀವಲ್ಲ, ತೋಳ ಎಲ್ಲಿಗೆ ಹೋಗಬೇಕು?

ನೀಲಗಿರಿ ಹೊಸದಾಗಿ ನೆಡೋದನ್ನು ಸರ್ಕಾರ 2017ರಲ್ಲಿ ನಿಷೇಧಿಸಿತು, ಸರಿ. ಹಳೇ ತೋಪುಗಳ ಗತಿ? ಕಡಿದ ಬುಡದಿಂದ ಏಳೆಂಟು ಚಿಗುರೆದ್ದು, ಹಳೇ ಬೇರಿನಿಂದಲೇ ಮತ್ತೆ ನೀರೆಳೆಯುತ್ತೆ. ಎರಡು-ಮೂರು ತಿಂಗಳಿಗೊಮ್ಮೆ ಚಿಗುರು ಮುರೀತಾ ಇರಬೇಕು, ಬೇರು ಸೋಲುವವರೆಗೆ. ಇಳಿಜಾರಿನಲ್ಲಿ ಜೆಸಿಬಿ ತಂದು ಬುಡ ಕೀಳಿಸಿದರೆ ಮೇಲ್ಮಣ್ಣು ಮೊದಲ ಮಳೆಗೇ ಕೆರೆ ಸೇರುತ್ತೆ.

ನಿಜವಾದ ಕೆಲಸ ಇರೋದು ಲಂಟಾನ ಅನ್ನೋ ಕಳೆಪೊದೆ ತೆಗೆಯೋದರಲ್ಲಿ. ಮಚ್ಚಿನಲ್ಲಿ ಸವರಿದರೆ ದುಪ್ಪಟ್ಟು ಚಿಗುರುತ್ತೆ, ಸುಟ್ಟರೂ ಅಷ್ಟೆ. ಅದು ಮತ್ತೆ ಏಳೋದು ಕಾಂಡ-ಬೇರು ಕೂಡುವ ಗಂಟಿನಿಂದ. ಹಾಗಾಗಿ ನೆಲಮಟ್ಟದಿಂದ 3ರಿಂದ 5 ಸೆಂ.ಮೀ. ಕೆಳಗೆ ಪಿಕಾಸಿಯಿಂದ ತಾಯಿಬೇರು ಕತ್ತರಿಸಿ, ಇಡೀ ಪೊದೆ ಎತ್ತಿ ತಲೆಕೆಳಗಾಗಿ ನಿಲ್ಲಿಸಿ ಒಣಗಿಸಬೇಕು. ಗಂಟು ಹಸಿ ಮಣ್ಣಿಗೆ ತಾಗಿತೋ, ಮತ್ತೆ ಬೇರು ಬಿಡುತ್ತೆ. ಮಣ್ಣು ಹದವಾಗಿರುವಾಗ, ಕಾಯಿ ಹಣ್ಣಾಗುವ ಮುಂಚೆ ಮಾಡಿ. ಆಮೇಲೂ ಎರಡು-ಮೂರು ವರ್ಷ ಹಕ್ಕಿ ಕೂರುವ ಮರಗಳ ಕೆಳಗೆ ಕಣ್ಣಿಟ್ಟಿರಬೇಕು. ಪಿಕಳಾರಗಳು ಹಣ್ಣು ತಿಂದು ಬೀಜ ಉದುರಿಸೋದು ಅಲ್ಲೇ. ತೆಗೆದ ಜಾಗ ಬೋಳು ಬಿಟ್ಟರೆ ಪಾರ್ಥೇನಿಯಂ ಹಾಜರ್. ಅಕ್ಕಪಕ್ಕದ ಹುಲ್ಲನ್ನೇ ತೆನೆ ಸಮೇತ ಕೊಯ್ದು ಹಾಸಿ. ಎಲ್ಲವನ್ನೂ ಒಂದೇ ವರ್ಷ ಕೀಳಬೇಡಿ, ಪಟ್ಟಿ ಪಟ್ಟಿಯಾಗಿ ತೆಗೀರಿ. ಮೊಲ, ಹಕ್ಕಿಗಳಿಗೆ ಅಷ್ಟರವರೆಗೆ ಮರೆ ಬೇಕು.

ಕೊರಕಲುಗಳಿಗೆ ಅಡ್ಡ ತಡೆ ಕಟ್ಟೋಕೆ ಸಿಮೆಂಟು ಬೇಡ. ಅಲ್ಲೇ ಸಿಗುವ ಕಲ್ಲನ್ನು ಒಂದಡಿ ಪಾಯದಿಂದ ಪೇರಿಸಿ, ಮೂರಡಿ ಎತ್ತರ ದಾಟದಿರಲಿ. ಜನ ತಪ್ಪೋದು ಇಲ್ಲಿ: ಮೇಲ್ತುದಿ ಮಟ್ಟಸವಾಗಿ ಕಟ್ಟಿದರೆ ನೀರು ಬದಿಯ ಮಣ್ಣು ಕೊರೆದು ಹೋಗಿ ಕೊರಕಲು ಇನ್ನೂ ಅಗಲವಾಗುತ್ತೆ. ನಡುವೆ ಅರ್ಧ ಅಡಿ ತಗ್ಗು ಬಿಡಿ. ಕೆಳಗಿನ ತಡೆಯ ತಲೆ, ಮೇಲಿನದರ ಪಾದದ ಮಟ್ಟಕ್ಕೆ ಬರಬೇಕು.

ಇನ್ನು ಇಂಗುಗುಂಡಿ. ಹೆಕ್ಟೇರಿಗೆ 20 ಮಿ.ಮೀ. ಮಳೆ ಅಂದರೆ 2 ಲಕ್ಷ ಲೀಟರು. ಕಾಲು ಭಾಗ ಹರಿದುಹೋದರೂ 50 ಸಾವಿರ. ಅರ್ಧ ಮೀಟರು ಅಗಲ, ಅಷ್ಟೇ ಆಳ, 4 ಮೀಟರು ಉದ್ದದ ಗುಂಡಿಗೆ ಸಾವಿರ ಲೀಟರು ಹಿಡಿಯುತ್ತೆ, ಅಂದರೆ 50 ಗುಂಡಿ. ಬಗೆದ ಮಣ್ಣು ಇಳಿಜಾರಿನ ಕೆಳಬದಿಗಿರಲಿ. ಚಾಮುಂಡಿ ಬೆಟ್ಟದಂಥ ಕಡಿದಾದ ಕಡೆ ಬೇಡವೇ ಬೇಡ. 2021ರ ಮಳೆಗೆ ನಂದಿ ವಿಗ್ರಹದ ರಸ್ತೆ ಕುಸಿದಿದ್ದು ಗೊತ್ತಲ್ಲ, ನೀರು ಕುಡಿದ ಮಣ್ಣು ಜಾರುತ್ತೆ.

ಮೀಸಲು ಅರಣ್ಯದೊಳಗೆ ಇದ್ಯಾವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಕೆಲಸ ಶುರು ಮಾಡೋ ಮುಂಚೆ ಗುಡ್ಡದ ಕೆಳಗಿನ ಒಂದು ತೆರೆದ ಬಾವಿ ಆರಿಸಿ, ತಿಂಗಳಿಗೊಮ್ಮೆ ಹಗ್ಗ ಬಿಟ್ಟು ಕಟ್ಟೆಯಿಂದ ನೀರಿಗೆ ಎಷ್ಟಡಿ ಅಂತ ಬರೆದಿಡಿ. ಬೆಳಗ್ಗೆ, ಪಂಪು ಓಡಿಸೋ ಮುಂಚೆ ಅಳೀರಿ.