ಹಿತ್ತಲ ಕೋಳಿಗೆ ಮೊದಲು ಗೂಡು, ಆಮೇಲೆ ತಳಿ

ಹಿತ್ತಲಲ್ಲಿ ಹತ್ತು ನಾಟಿ ಕೋಳಿ ಸಾಕಬೇಕೆಂದು ಹೊರಟವರು ಮೊದಲು ಕೇಳುವುದು ಯಾವ ತಳಿ ಒಳ್ಳೆಯದು ಎಂದು. ಆಮೇಲೆ ಮೇವಿನ ಮಾತು ಬರುತ್ತದೆ. ಗೂಡನ್ನು ಹೇಗೆ ಕಟ್ಟಬೇಕು, ರಾತ್ರಿ ಯಾವ ಪ್ರಾಣಿ ಯಾವ ದಾರಿಯಿಂದ ಬರುತ್ತದೆ ಎಂದು ಮೊದಲೇ ವಿಚಾರಿಸುವವರು ಬಹಳ ಕಡಿಮೆ. ಸಕಲೇಶಪುರದ ಸುತ್ತಿನ ನಮ್ಮ ಹಳ್ಳಿಗಳಲ್ಲಿ, ಒಂದು ಕಡೆ ಕಾಫಿ ತೋಟ, ಇನ್ನೊಂದು ಕಡೆ ಗದ್ದೆ ಇರುವ ಮನೆಗಳಲ್ಲಿ, ಕೋಳಿ ಸಾಕಣೆ ಆರಂಭವಾಗಿ ವರ್ಷದೊಳಗೆ ನಿಂತುಹೋಗುವುದನ್ನು ನೋಡುತ್ತಲೇ ಬಂದಿದ್ದೇನೆ. ಹಾಗೆ ನಿಲ್ಲಲು ತಳಿಯಾಗಲಿ ಮೇವಾಗಲಿ ಕಾರಣವಾದದ್ದು ಅಪರೂಪ. ಭದ್ರವಲ್ಲದ ಗೂಡು ಮತ್ತು ಹಾಕಿಸದ ಲಸಿಕೆ, ಇವೆರಡೇ ಬಹುಪಾಲು ಕೋಳಿಗಳನ್ನು ಕಳೆಯುತ್ತವೆ. ಕೈಯಲ್ಲಿರುವ ಹಣದಲ್ಲಿ ಮೊದಲ ಪಾಲು ಗೂಡಿಗೆ, ಎರಡನೆಯದು ಲಸಿಕೆಗೆ ಹೋಗಬೇಕು, ಉಳಿದದ್ದರಲ್ಲಿ ಕೋಳಿ ತರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದನ್ನು ಈಗ ಒತ್ತಿ ಹೇಳಲು ಕಾರಣವಿದೆ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಹಿತ್ತಲ ಕೋಳಿಗಳ ಸಂಖ್ಯೆ ಸುಮಾರು 31.7 ಕೋಟಿ, 2012ರ ಗಣತಿಗೆ ಹೋಲಿಸಿದರೆ ಶೇ 45ಕ್ಕೂ ಹೆಚ್ಚಿನ ಏರಿಕೆ. ಹೊಸದಾಗಿ ಸಾಕುವವರು ಇಷ್ಟೊಂದು ಮಂದಿ ಇರುವಾಗ, ಅವರ ಕೈಗೆ ಸಿಗುವ ಮಾಹಿತಿ ಮಾತ್ರ ತಳಿಯ ವರ್ಣನೆಯಲ್ಲೇ ಮುಗಿದುಹೋಗುತ್ತದೆ.

ತಳಿಯ ವಿಷಯವನ್ನು ಬೇಗ ಮುಗಿಸುತ್ತೇನೆ. ಹೆಬ್ಬಾಳದಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಅಭಿವೃದ್ಧಿಪಡಿಸಿದ ಗಿರಿರಾಜ ವರ್ಷಕ್ಕೆ 130ರಿಂದ 150 ಮೊಟ್ಟೆ ಇಡುತ್ತದೆ, ಮೈಯೂ ಚೆನ್ನಾಗಿ ತುಂಬಿಕೊಳ್ಳುತ್ತದೆ. 2005ರಲ್ಲಿ ಬಂದ ಸ್ವರ್ಣಧಾರದ ಮೊಟ್ಟೆ ಅದಕ್ಕಿಂತಲೂ ಹೆಚ್ಚು, ವರ್ಷಕ್ಕೆ ಸುಮಾರು 180; ಮೈ ಹಗುರವಾದ್ದರಿಂದ ಕಾಡುಬೆಕ್ಕು, ನರಿಗಳಿಂದ ಗಿರಿರಾಜಕ್ಕಿಂತ ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ. ನಮ್ಮ ಊರಿನ ನಾಟಿ ಹೇಟೆ ಐವತ್ತು, ಅರವತ್ತರ ಮೇಲೆ ಇಡುವುದು ಕಷ್ಟ. ಆದರೆ ಅದು ಕಾವಿಗೆ ಕೂರುತ್ತದೆ, ಮರಿ ಮಾಡುತ್ತದೆ, ಮರಿಗಳನ್ನು ಕಾಯುತ್ತದೆ. ಸುಧಾರಿತ ತಳಿಗಳಲ್ಲಿ ಈ ಗುಣ ಬಹುಮಟ್ಟಿಗೆ ಅಳಿದುಹೋಗಿರುವುದರಿಂದ ಮತ್ತೆ ಮತ್ತೆ ಮರಿ ಕೊಂಡು ತರಬೇಕಾಗುತ್ತದೆ. ನಾಲ್ಕಾರು ನಾಟಿ ಹೇಟೆಗಳನ್ನು ಇಟ್ಟುಕೊಂಡು, ಸ್ವರ್ಣಧಾರದ ಮೊಟ್ಟೆಗಳನ್ನು ಅವುಗಳಿಂದಲೇ ಕಾವು ಕೊಡಿಸಿ ಮರಿ ಮಾಡಿಸುವವರು ನಮ್ಮಲ್ಲಿದ್ದಾರೆ. ನನಗೆ ಹೆಚ್ಚು ಒಪ್ಪಿಗೆಯಾಗುವ ಕ್ರಮ ಅದು.

ಇನ್ನು ಗೂಡು. ಅಂಗಡಿಯಲ್ಲಿ ಚಿಕನ್ ಮೆಶ್ ಎಂದು ಕೇಳಿದರೆ ಕೊಡುವ, ಆರು ಮೂಲೆಯ ಕಣ್ಣುಗಳಿರುವ ತೆಳುತಂತಿಯ ಬಲೆಯನ್ನು ಸುತ್ತಿ ಗೂಡು ಭದ್ರವಾಯಿತೆಂದು ತಿಳಿಯುವವರು ತುಂಬ ಜನ. ಆ ಬಲೆ ಕೋಳಿಯನ್ನು ಒಳಗೆ ಇಡುತ್ತದೆಯೇ ಹೊರತು ಹೊರಗಿನದನ್ನು ಹೊರಗೆ ಇಡುವುದಿಲ್ಲ. ಹಸಿದ ಬೀದಿನಾಯಿ ಅದನ್ನು ಹಲ್ಲಿನಿಂದಲೇ ಹರಿಯುತ್ತದೆ, ದೊಡ್ಡ ಕಣ್ಣುಗಳ ಮೂಲಕ ಹಾವು ಮತ್ತು ಇಲಿ ಸಲೀಸಾಗಿ ನುಸುಳುತ್ತವೆ. ಅರ್ಧ ಇಂಚು ಕಣ್ಣಿನ, ಬೆಸುಗೆ ಹಾಕಿದ ದಪ್ಪ ತಂತಿಯ ಜಾಲರಿಗೆ ಬೆಲೆ ಹೆಚ್ಚಾದರೂ ಹಣ ಹಾಕಬೇಕಾದದ್ದು ಅಲ್ಲಿಯೇ. ನೈಲಾನ್ ಮೀನುಬಲೆಯನ್ನಂತೂ ದಯವಿಟ್ಟು ಕಟ್ಟಬೇಡಿ. ಅದು ಯಾವ ಬೇಟೆ ಪ್ರಾಣಿಯನ್ನೂ ತಡೆಯುವುದಿಲ್ಲ. ಇಲಿಯ ಬೆನ್ನು ಹತ್ತಿ ಬಂದ ಕೇರೆ ಹಾವು ಅದಕ್ಕೆ ಸಿಕ್ಕಿಕೊಂಡು, ಬಿಡಿಸಿಕೊಳ್ಳಲು ಹೊರಳಿದಷ್ಟೂ ಬಲೆ ಬಿಗಿದು, ನರಳಿ ಸಾಯುತ್ತದೆ.

ಗೂಡು ನೆಲದಿಂದ ಎರಡು ಮೂರು ಅಡಿ ಮೇಲಿದ್ದರೆ ಮಲೆನಾಡಿನ ಮಳೆಗಾಲದಲ್ಲಿ ತೇವವೂ ಬರುವುದಿಲ್ಲ, ಅಡಿಯಲ್ಲಿ ಇಲಿ, ಹೆಗ್ಗಣಗಳು ಬಿಲ ಮಾಡಿದರೆ ಕಣ್ಣಿಗೆ ಬೀಳುತ್ತದೆ. ನೆಲದ ಮೇಲೆಯೇ ಕಟ್ಟುವುದಾದರೆ ಜಾಲರಿಯನ್ನು ಗೋಡೆಯ ಬುಡದಲ್ಲಿ ಹೊರಮುಖವಾಗಿ ಒಂದೂವರೆ ಅಡಿ ಮಡಚಿ, ಮೇಲೆ ಮಣ್ಣು ಕಲ್ಲು ಹಾಕಬೇಕು. ತೋಡುವ ಪ್ರಾಣಿ ಗೋಡೆಯ ಬುಡಕ್ಕೇ ಬಂದು ಕೆರೆಯಲು ಶುರುಮಾಡುತ್ತದೆ, ಎರಡು ಹೆಜ್ಜೆ ಹಿಂದೆ ಸರಿದು ತೋಡಬೇಕೆಂದು ಅದಕ್ಕೆ ಹೊಳೆಯುವುದಿಲ್ಲ. ಕಾಲಿಗೆ ತಂತಿ ತಗಲಿದರೆ ಬಿಟ್ಟು ಹೋಗುತ್ತದೆ. ಮಂಗಳೂರು ಹೆಂಚು ಹೊದಿಸಿದವರು ಹೆಂಚಿನ ಕೆಳಗೂ ಜಾಲರಿ ಹೊಡೆಯಬೇಕು, ಏಕೆಂದರೆ ಪುನುಗು ಬೆಕ್ಕು ಮರದ ಕೊಂಬೆಯಿಂದ ಮಾಡಿಗೆ ಇಳಿದು ಸಡಿಲವಾದ ಹೆಂಚಿನ ಸಂದಿಯಿಂದ ಒಳಗೆ ಸೇರುತ್ತದೆ. ಬಾಗಿಲಿಗೆ ಅಗುಳಿಯೊಂದೇ ಸಾಲದು, ಅದರ ಮೇಲೊಂದು ಕೊಕ್ಕೆಯೂ ಇರಲಿ. ಗಾಳಿಗಾಗಿ ಗೋಡೆಯ ಮೇಲ್ಭಾಗದಲ್ಲಿ ಬಿಟ್ಟ ಸಂದಿಗೂ ಅದೇ ಅರ್ಧ ಇಂಚಿನ ಜಾಲರಿ ಬೇಕು. ಗಾಳಿಯೇ ಬೇಡವೆಂದು ಮುಚ್ಚಿಬಿಟ್ಟರೆ ಹಿಕ್ಕೆಯ ಘಾಟಿಗೆ ಕೋಳಿಗಳಿಗೆ ಉಸಿರಿನ ಕಾಯಿಲೆ ಹಿಡಿಯುತ್ತದೆ. ಒಳಗೆ ಎರಡಿಂಚು ಅಗಲದ ಅಡ್ಡಗೋಲನ್ನು ಗೋಡೆಯಿಂದ ಒಂದಡಿ ದೂರಕ್ಕೆ ಹಾಕಿ. ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣುವುದು ಕಡಿಮೆ, ಕೂತಲ್ಲಿಯೇ ಕೂತಿರುತ್ತದೆ. ಜಾಲರಿಗೆ ಒರಗಿ ಕೂತ ಕೋಳಿಯ ಕಾಲೋ ಕತ್ತೋ ಹೊರಗಿನಿಂದಲೇ ಬೇಟೆ ಪ್ರಾಣಿಗೆ ಸಿಕ್ಕಿಬಿಡುತ್ತದೆ.

ಹಾನಿಯಾದ ಮೇಲೆ ಯಾರು ಬಂದಿದ್ದರೆಂದು ನೋಡಿ ತಿಳಿಯುವುದೂ ಕಲಿಯಬೇಕಾದ ವಿದ್ಯೆ. ಮೊಟ್ಟೆ ಸಿಪ್ಪೆಯ ಚೂರೂ ಉಳಿಯದಂತೆ ಮಾಯವಾಗಿದ್ದರೆ ಹಾವು ನುಂಗಿರುವ ಸಂಭವ ಹೆಚ್ಚು. ಒಡೆದ ಸಿಪ್ಪೆ ಅಲ್ಲೇ ಬಿದ್ದಿದ್ದರೆ ಕಾಗೆ, ಕೆಂಬೂತ ಅಥವಾ ಮುಂಗುಸಿಯನ್ನು ನೆನೆಯಬೇಕು. ಒಂದೇ ಜಾಗದಲ್ಲಿ ಪುಕ್ಕ ಕಿತ್ತು ಸುತ್ತಲೂ ಹರಡಿದ್ದರೆ ಗಿಡುಗನ ಕೆಲಸ. ಹಲವು ಕೋಳಿಗಳು ಕತ್ತಿಗೆ ಗಾಯವಾಗಿ ಸತ್ತು ಅಲ್ಲಲ್ಲೇ ಬಿದ್ದಿದ್ದರೆ ಬಹುಶಃ ಮುಂಗುಸಿ, ಅದು ಹಗಲಿನಲ್ಲಿಯೇ ಬರುತ್ತದೆ. ಕೋಳಿ ಪೂರ್ತಿ ಕಾಣೆಯಾಗಿ ಬೇಲಿಯವರೆಗೆ ಪುಕ್ಕದ ಜಾಡು ಇದ್ದರೆ ಕಾಡುಬೆಕ್ಕೋ ನರಿಯೋ ಎತ್ತಿಕೊಂಡು ಹೋಗಿರುತ್ತದೆ. ಈ ಗುರುತು ಸಿಕ್ಕರೆ ಗೂಡಿನ ಯಾವ ಭಾಗವನ್ನು ಸರಿಮಾಡಬೇಕೆಂದು ತಾನಾಗಿಯೇ ಗೊತ್ತಾಗುತ್ತದೆ.

ಆದರೆ ನಮ್ಮ ಕಡೆ ಆಗುವುದು ಬೇರೆ. ಕೋಳಿ ಹೋದ ಸಿಟ್ಟಿನಲ್ಲಿ ಬೇಲಿಗೆ ಉರುಳು ಕಟ್ಟುತ್ತಾರೆ, ಸತ್ತ ಕೋಳಿಗೆ ವಿಷ ಸವರಿ ಇಡುತ್ತಾರೆ. ಇದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ. ಮುಂಗುಸಿ, ಕಾಡುಬೆಕ್ಕು, ಪುನುಗು ಬೆಕ್ಕು, ಕೇರೆ ಹಾವು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ, ಕೊಲ್ಲುವುದು ಅಪರಾಧ. ಕಾನೂನಿನ ಮಾತು ಒಂದು ಕಡೆಗಿರಲಿ. ಗದ್ದೆಯ ಇಲಿಯನ್ನು ಹಿಡಿಯುವುದೂ ಇದೇ ಕೇರೆ ಹಾವು, ಇದೇ ಕಾಡುಬೆಕ್ಕು. ವಿಷ ತಿಂದು ಸಾಯುವುದು ಕೋಳಿ ಹಿಡಿದ ಪ್ರಾಣಿಯೊಂದೇ ಅಲ್ಲ. ಪಕ್ಕದ ಮನೆಯ ನಾಯಿಯೂ ಸಾಯುತ್ತದೆ, ಆ ಹೆಣವನ್ನು ಕುಕ್ಕಿದ ಹದ್ದೂ ಸಾಯುತ್ತದೆ. ಒಂದು ಮುಂಗುಸಿಯನ್ನು ಕೊಂದರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ, ಗೂಡಿನ ಸಂದಿ ಮಾತ್ರ ಹಾಗೆಯೇ ಇರುತ್ತದೆ.

ಹಗಲಿನ ಕಾವಲಿಗೆ ನಾಟಿ ಹೇಟೆಯಷ್ಟು ಎಚ್ಚರದ ಜೀವ ಇನ್ನೊಂದಿಲ್ಲ. ನಮ್ಮ ಪಕ್ಕದ ಮನೆಯ ಅಜ್ಜಿ ಹೇಳಿಕೊಟ್ಟ ಮಾತು ಇದು: "ಹೇಟೆ ಕೊರ್ರ್ ಅಂತ ಉದ್ದಕ್ಕೆ ಎಳೆದ್ರೆ ಮೇಲೆ ನೋಡು ಮಗ, ಕೊಕ್ ಕೊಕ್ ಕೊಕ್ಕೊಕ್ಕೋ ಅಂತ ಕಿರುಚಿದ್ರೆ ಬೇಲಿ ಬುಡ ನೋಡು." ಆಕಾಶದಿಂದ ಬರುವ ಅಪಾಯಕ್ಕೆ ಒಂದು ಕೂಗು, ನೆಲದ ಮೇಲಿನದಕ್ಕೆ ಇನ್ನೊಂದು ಎಂಬುದನ್ನು ಕೋಳಿಗಳ ನಡವಳಿಕೆಯನ್ನು ಅಭ್ಯಸಿಸಿದ ವಿಜ್ಞಾನಿಗಳೂ ಗುರುತಿಸಿದ್ದಾರೆ. ಮೊದಲನೆಯ ಕೂಗು ಕೇಳಿದೊಡನೆ ಮರಿಗಳು ರೆಕ್ಕೆಯಡಿಗೋ ಕಾಫಿ ಗಿಡದ ಬುಡಕ್ಕೋ ಓಡಿ, ಉಸಿರೂ ಕೇಳದಂತೆ ಅಲ್ಲಾಡದೆ ಕೂತುಬಿಡುತ್ತವೆ. ಆದ್ದರಿಂದ ಕೋಳಿ ಮೇಯುವ ಜಾಗ ಬೋಳಾಗಿರಬಾರದು. ಅಲ್ಲಲ್ಲಿ ತಗ್ಗಾದ ಗಿಡ, ಬಾಳೆ, ಬಳ್ಳಿಚಪ್ಪರ ಇದ್ದರೆ ಗಿಡುಗಕ್ಕೆ ಎರಗಲು ದಾರಿಯೇ ಸಿಗುವುದಿಲ್ಲ.

ಹಾಗಿದ್ದರೂ ಮೊದಲ ಆರು ವಾರ ಮರಿಗಳನ್ನು ತಾಯಿಯೊಡನೆ ಮುಚ್ಚಿದ ಜಾಗದಲ್ಲಿ ಸಾಕುವುದೇ ಸರಿ. ಹತ್ತು ಮರಿಯಲ್ಲಿ ಮೂರೋ ನಾಲ್ಕೋ ಉಳಿಯುವುದೇ ವಾಡಿಕೆ ಎಂದು ನಮ್ಮವರು ಒಪ್ಪಿಕೊಂಡುಬಿಟ್ಟಿದ್ದಾರೆ. ಹಿಂದಿನವರು ಮಂಕರಿ ಕವುಚಿ ಹಾಕುತ್ತಿದ್ದುದನ್ನೂ ಕೈಬಿಟ್ಟಿದ್ದಾರೆ. ತಾಯಿಯಿಲ್ಲದ ಮರಿಗಳನ್ನು ತಂದರೆ ಕಾವು ನಾವೇ ಕೊಡಬೇಕು. ಮೊದಲ ವಾರ ಬಲ್ಬಿನ ಅಡಿಯಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಇರಬೇಕು, ಆಮೇಲೆ ವಾರಕ್ಕೆ ಎರಡು ಮೂರು ಡಿಗ್ರಿಯಂತೆ ತಗ್ಗಿಸುತ್ತ ಹೋಗಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳನ್ನೇ ನೋಡಿ: ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಚೀಗುಟ್ಟುತ್ತಿದ್ದರೆ ಚಳಿ, ಅಂಚಿಗೆ ಸರಿದು ಬಾಯಿ ತೆರೆದು ತೇಕುತ್ತಿದ್ದರೆ ಸೆಕೆ, ಎಲ್ಲ ಕಡೆ ಹರಡಿಕೊಂಡು ಮೇಯುತ್ತಿದ್ದರೆ ಹದ ಸರಿಯಾಗಿದೆ. ಹಾಸಿಗೆಗೆ ಭತ್ತದ ಹೊಟ್ಟು ಎರಡು ಮೂರು ಇಂಚು ಇರಲಿ, ಒದ್ದೆಯಾದದ್ದನ್ನು ಅಂದೇ ತೆಗೆಯಿರಿ. ಒದ್ದೆ ಹಾಸಿನಲ್ಲಿ ರಕ್ತಭೇದಿ ಹಿಡಿದರೆ ಮರಿಗಳು ಒಟ್ಟೊಟ್ಟಿಗೆ ಸಾಯುತ್ತವೆ.

ಮೇವಿನ ಬಗ್ಗೆ ಜನ ಮಾಡುವ ಚಿಂತೆ ಅಗತ್ಯಕ್ಕಿಂತ ಹೆಚ್ಚು. ಮೊಟ್ಟೆ ಇಡುವ ಕೋಳಿಗೆ ದಿನಕ್ಕೆ 110ರಿಂದ 120 ಗ್ರಾಂ ಆಹಾರ ಬೇಕು. ತಿಪ್ಪೆ, ತೋಟ, ಕಣ ಸುತ್ತುವ ಕೋಳಿ ಅದರಲ್ಲಿ ದೊಡ್ಡ ಪಾಲನ್ನು ಗೆದ್ದಲು, ಎರೆಹುಳು, ಬಿದ್ದ ಕಾಳು, ಚಿಗುರಿನ ರೂಪದಲ್ಲಿ ತಾನೇ ದುಡಿದುಕೊಳ್ಳುತ್ತದೆ. ನಾವು ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ, ಒಟ್ಟು ನಲವತ್ತು ಐವತ್ತು ಗ್ರಾಂ ಕೊಟ್ಟರೆ ಸಾಕು: ನುಚ್ಚಕ್ಕಿ, ರಾಗಿ, ಮುಸುಕಿನ ಜೋಳದ ನುಚ್ಚು, ಜೊತೆಗೆ ಒಂದಿಷ್ಟು ಹಿಂಡಿ, ನುಗ್ಗೆಸೊಪ್ಪು, ಸಾಧ್ಯವಿದ್ದರೆ ನೀರಿನ ಮೇಲೆ ಬೆಳೆಯುವ ಅಜೋಲಾ. ಸಂಜೆಯ ಕಾಳನ್ನು ಗೂಡಿನ ಒಳಗೇ ಕೊಡುವ ರೂಢಿ ಇಟ್ಟುಕೊಂಡರೆ ಹೊತ್ತು ಮುಳುಗುವ ಮೊದಲೇ ಕೋಳಿಗಳು ತಾವಾಗಿ ಬಂದು ಸೇರುತ್ತವೆ, ಎಣಿಸಲೂ ಸುಲಭ. ತಿಂದು ಮಿಕ್ಕದ್ದನ್ನು ಮಾತ್ರ ರಾತ್ರಿ ಬಿಡಬೇಡಿ. ಚೆಲ್ಲಿದ ಕಾಳಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ನಾಗರಹಾವು ಬರುತ್ತದೆ, ಬೆಳಿಗ್ಗೆ ಮೊಟ್ಟೆ ತೆಗೆಯಲು ಕೈ ಹಾಕುವುದು ಮನೆಯ ಹೆಂಗಸರೋ ಮಕ್ಕಳೋ.

ಮೊಟ್ಟೆಯ ಸಿಪ್ಪೆಯೊಂದರಲ್ಲೇ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಇರುವುದರಿಂದ ಇಡುವ ಹೇಟೆಗೆ ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಡಬೇಕು, ಬೇಕಾದಾಗ ಅದೇ ಬಂದು ಕುಕ್ಕುತ್ತದೆ. ಆದರೆ ಮೊಟ್ಟೆ ಇಡುವ ಕೋಳಿಗೆಂದೇ ತಯಾರಿಸಿದ ಲೇಯರ್ ಮೇವನ್ನು ಎಳೆಯ ಮರಿಗಳಿಗೆ ಹಾಕಬಾರದು, ಅದರಲ್ಲಿರುವ ಅಷ್ಟು ಕ್ಯಾಲ್ಸಿಯಂ ಮರಿಯ ಮೂತ್ರಪಿಂಡವನ್ನು ಕೆಡಿಸುತ್ತದೆ. ಬೂಸ್ಟು ಹಿಡಿದ ಜೋಳ, ಕಡಲೆಕಾಯಿ ಹಿಂಡಿಯನ್ನು ಮನುಷ್ಯರು ತಿನ್ನದಿದ್ದರೂ ಕೋಳಿ ತಿನ್ನಲಿ ಎಂದು ಸುರಿಯುವವರಿದ್ದಾರೆ. ಆ ಬೂಸ್ಟಿನ ವಿಷ ಕೋಳಿಯ ಯಕೃತ್ತಿಗೆ ಹೊಡೆಯುತ್ತದೆ. ಜುಲೈ, ಆಗಸ್ಟ್ ತಿಂಗಳ ನಮ್ಮ ಮಳೆಯಲ್ಲಿ ಚೀಲ ಬಿಚ್ಚಿಟ್ಟ ಯಾವ ಕಾಳಿಗೂ ಬೂಸ್ಟು ತಪ್ಪುವುದಿಲ್ಲ, ಹಾಗಾಗಿ ಹದಿನೈದು ದಿನಕ್ಕೆ ಆಗುವಷ್ಟನ್ನು ಮಾತ್ರ ತರುವುದು ಒಳ್ಳೆಯದು.

ಗೂಡು ಎಷ್ಟೇ ಗಟ್ಟಿಯಿರಲಿ, ಕೊಕ್ಕರೆ ರೋಗಕ್ಕೆ ಜಾಲರಿ ಅಡ್ಡ ಬರುವುದಿಲ್ಲ. ರಾಣಿಖೇತ್ ಎಂದು ಪಶುವೈದ್ಯರು ಕರೆಯುವ ಈ ರೋಗ ಕೇರಿಗೆ ಕಾಲಿಟ್ಟರೆ ಹಸಿರು ಭೇದಿ, ತೇಕು, ತಿರುಚಿದ ಕತ್ತು ಕಾಣಿಸಿಕೊಂಡು ಕೆಲವೇ ದಿನಗಳಲ್ಲಿ ಗೂಡಿಗೆ ಗೂಡೇ ಖಾಲಿಯಾಗುತ್ತದೆ. ಬಂದ ಮೇಲೆ ಔಷಧವಿಲ್ಲ, ಬರುವ ಮೊದಲು ಲಸಿಕೆಯಿದೆ. ಮೊದಲ ವಾರದಲ್ಲಿ ಲಸೋಟ ಅಥವಾ ಎಫ್-1 ಲಸಿಕೆಯ ಹನಿಯನ್ನು ಕಣ್ಣಿಗೋ ಮೂಗಿಗೋ ಹಾಕಬೇಕು, ನಾಲ್ಕನೆಯ ವಾರದ ಹೊತ್ತಿಗೆ ಮತ್ತೊಮ್ಮೆ, ಎಂಟನೆಯ ವಾರದಲ್ಲಿ ಆರ್‌2ಬಿ ಚುಚ್ಚುಮದ್ದು. ಆರನೆಯ ವಾರದ ಹೊತ್ತಿಗೆ ಸಿಡುಬಿನ ಲಸಿಕೆಯೂ ಆಗಬೇಕು.

ಹಳ್ಳಿಯವರು ಇದನ್ನು ಹಾಕಿಸದಿರುವುದು ಅಸಡ್ಡೆಯಿಂದಲ್ಲ. ಲಸಿಕೆಯ ಚಿಕ್ಕ ಸೀಸೆಯಲ್ಲೇ ನೂರು ಕೋಳಿಗೋ ಅದಕ್ಕೂ ಹೆಚ್ಚಿಗೋ ಆಗುವಷ್ಟು ಇರುತ್ತದೆ. 2ರಿಂದ 8 ಡಿಗ್ರಿಯ ತಂಪಿನಲ್ಲಿ ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಕೋಳಿಯ ಮನೆಯವರೊಬ್ಬರೇ ಇದನ್ನು ನಿಭಾಯಿಸುವುದು ಹೇಗೆ? ಕೇರಿಯ ಹತ್ತು ಹದಿನೈದು ಮನೆಯವರು ಒಂದು ದಿನ ಗೊತ್ತುಮಾಡಿಕೊಂಡು, ಪಶು ಆಸ್ಪತ್ರೆಗೆ ಮೊದಲೇ ತಿಳಿಸಿ, ಥರ್ಮೋಸ್ ಫ್ಲಾಸ್ಕಿಗೆ ಐಸ್ ತುಂಬಿಕೊಂಡು ಹೋಗಿ ಒಂದು ಸೀಸೆ ತಂದರೆ ಕೆಲಸ ಮುಗಿಯುತ್ತದೆ. ಲಸಿಕೆ ಹಾಕುವುದು ಬೆಳಗಿನ ಜಾವದಲ್ಲಿ, ಗೂಡಿನ ಬಾಗಿಲು ತೆರೆಯುವ ಮೊದಲು. ಒಮ್ಮೆ ಹೊರಬಿಟ್ಟ ಕೋಳಿಯನ್ನು ಕಾಫಿ ತೋಟದಲ್ಲಿ ಹಿಡಿಯುವುದು ಆಗದ ಮಾತು. ಹೊಸದಾಗಿ ಕೊಂಡ ಕೋಳಿಯನ್ನು ಎರಡು ವಾರ ಬೇರೆಯೇ ಇಡಿ. ಸತ್ತದ್ದನ್ನು ಹಳ್ಳಕ್ಕೆ ಎಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳಿ. ನಿಮ್ಮ ಊರಿನಲ್ಲಿ ಈ ರೀತಿ ಒಟ್ಟಾಗಿ ಲಸಿಕೆ ತರುವ ಏರ್ಪಾಡು ಈಗಾಗಲೇ ಇದ್ದರೆ ಅದನ್ನು ಹೇಗೆ ನಡೆಸುತ್ತೀರಿ, ಸೀಸೆ ತರುವ ಹೊಣೆ ಯಾರದು, ಮನೆಗೆಷ್ಟು ಹಣ ಹಾಕುತ್ತೀರಿ ಎಂಬುದನ್ನು ದಯವಿಟ್ಟು ಇಲ್ಲಿ ಬರೆಯಿರಿ.