ಅಕ್ಟೋಪಸ್ ಯಾಕೆ ಓಡಿಹೋಯ್ತು?

ಭಾರತದವರಿಗೆ ಇಂಗ್ಲಿಷ್ ಹುಟ್ಟಿನಿಂದಲೇ ಬರುತ್ತೆ ಅಂತ ತೈವಾನಿನಲ್ಲಿ ತುಂಬಾ ಜನ ನಂಬಿದ್ದಾರೆ. ನಾನು ಕೊರಟಗೆರೆ ಕಡೆಯ ಕನ್ನಡ ಮೀಡಿಯಂ ಶಾಲೆಯಲ್ಲಿ ಓದಿದವಳು. ನಮ್ಮ ಇಂಗ್ಲಿಷ್ ಮೇಷ್ಟ್ರು ಪ್ರಶ್ನೋತ್ತರಗಳನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರು, ನಾವು ನೋಟ್ಸಿಗೆ ಇಳಿಸಿಕೊಂಡು ಉರು ಹೊಡೆಯುತ್ತಿದ್ದೆವು. ಪರೀಕ್ಷೆಯಲ್ಲಿ ಗೊತ್ತಿಲ್ಲದ ಪ್ಯಾಸೇಜ್ ಕೊಟ್ಟರೂ ಹೆದರಿಕೆ ಇರಲಿಲ್ಲ. ಪ್ರಶ್ನೆಯಲ್ಲಿರುವ ಪದ ಪ್ಯಾಸೇಜಿನ ಯಾವ ಸಾಲಿನಲ್ಲಿದೆ ಅಂತ ಹುಡುಕಿ, ಆ ಸಾಲನ್ನು ಫುಲ್‌ಸ್ಟಾಪ್ ಸಮೇತ ಎತ್ತಿ ಬರೆದರೆ ಮುಗೀತು. ಪ್ಯಾಸೇಜ್ ಗಾಂಧೀಜಿ ಬಗ್ಗೆ ಇತ್ತೋ ಜೇನುಹುಳದ ಬಗ್ಗೆ ಇತ್ತೋ, ಹೊರಗೆ ಬಂದ ಮೇಲೆ ಯಾರಿಗೂ ನೆನಪಿರುತ್ತಿರಲಿಲ್ಲ.

ಇದನ್ನೆಲ್ಲ ಶಿಂಚುವಿನ ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಾಕೆಗೆ ವಿವರಿಸುವಷ್ಟು ಚೈನೀಸ್ ನನಗೆ ಬರುವುದಿಲ್ಲ. ಆಕೆ ಲಿಫ್ಟಿನಲ್ಲಿ ‘ನೀವು ಇಂಡಿಯಾದವರಾ? ಹಾಗಾದ್ರೆ ನನ್ನ ಮಗಳಿಗೆ ಇಂಗ್ಲಿಷ್ ರೀಡಿಂಗ್ ಹೇಳಿಕೊಡಿ’ ಅಂದರು. ಲಿಫ್ಟು ಅವರ ಮಹಡಿಗೆ ಬರುವಷ್ಟರಲ್ಲಿ ನಾನು ಲಾಓಶಿ ಆಗಿದ್ದೆ. ಅಂದರೆ ಟೀಚರ್. ನನ್ನ ವೀಸಾ ಇರುವುದು ಇಲ್ಲಿನ ಒಂದು ಯೂನಿವರ್ಸಿಟಿ ಲ್ಯಾಬಿನ ಕೆಲಸಕ್ಕೆ, ಹಾಗಾಗಿ ದುಡ್ಡು ತೆಗೆದುಕೊಳ್ಳುವ ಮಾತೇ ಇಲ್ಲ. ಫೀಸು ಹಣ್ಣಿನ ರೂಪದಲ್ಲಿ ಬರುತ್ತೆ. ಸೀಬೆಕಾಯಿ ಕಾಲದಲ್ಲಿ ಸೀಬೆಕಾಯಿ, ಅದರ ಜೊತೆ ಉದುರಿಸಿಕೊಳ್ಳಲು ಹುಳಿಸಿಹಿ ಪ್ಲಮ್ ಪುಡಿ. ಚಳಿಗಾಲದಲ್ಲಿ ಥೈತುಂಗ್ ಕಡೆಯ ಸೀತಾಫಲ, ಒಂದೊಂದು ಎರಡು ಕೈಯಲ್ಲಿ ಹಿಡಿಯಬೇಕು. ಸೀತಾಫಲಕ್ಕೋಸ್ಕರ ನಾನು ಫಿಸಿಕ್ಸ್ ಬೇಕಾದರೂ ಹೇಳಿಕೊಡುತ್ತೇನೆ.

ಶಿಂಚು ಗೊತ್ತಿಲ್ಲದವರಿಗೆ: ತೈಪೆಯ ನೈಋತ್ಯಕ್ಕಿರುವ, ಸದಾ ಗಾಳಿ ಬೀಸುವ ಊರು. ಆ ಗಾಳಿಯಲ್ಲೇ ಅಕ್ಕಿ ಶಾವಿಗೆ ಒಣಗಿಸಿ ಹಿಂದೆ ಹೆಸರು ಮಾಡಿತ್ತು. 1980ರಲ್ಲಿ ಸೈನ್ಸ್ ಪಾರ್ಕ್ ಶುರುವಾದ ಮೇಲೆ ಕಂಪ್ಯೂಟರ್ ಚಿಪ್ ಮಾಡುವ ಊರಾಯಿತು. ಇಂಥ ಊರಿನಲ್ಲಿ ಮಕ್ಕಳ ಮಾರ್ಕ್ಸು ಮನೆಯವರಿಗೆ ಮಾತ್ರ ಸೇರಿದ್ದಲ್ಲ, ಲಿಫ್ಟಿನಲ್ಲಿ ಓಡಾಡುವ ಎಲ್ಲರಿಗೂ ಸೇರಿದ್ದು.

ಪರೀಕ್ಷೆ ಅಂದರೆ ಜನವರಿಯಲ್ಲಿ ನಡೆಯುವ ಕಾಲೇಜು ಪ್ರವೇಶ ಪರೀಕ್ಷೆ. ಇಂಗ್ಲಿಷಿಗೆ 100 ನಿಮಿಷ, 100 ಅಂಕ. ಪದಗಳು, ಬಿಟ್ಟ ಸ್ಥಳ, ಎರಡು ವಾಕ್ಯದ ಅನುವಾದ, ಒಂದು ಪ್ರಬಂಧ, ಮಧ್ಯದಲ್ಲಿ ರೀಡಿಂಗ್ ಕಾಂಪ್ರಹೆನ್ಷನ್. ಜುಲೈಯಲ್ಲಿ ಇನ್ನೊಂದು ಪರೀಕ್ಷೆ ಇದೆ, ಆದರೆ 2022ರಿಂದ ಅದರಲ್ಲಿ ಇಂಗ್ಲಿಷ್ ತೆಗೆದುಹಾಕಿದ್ದಾರೆ. ಜನವರಿಯಲ್ಲಿ ಬಂದಷ್ಟೇ ಬಂತು. ಹಳೆಯ ಪ್ರಶ್ನೆಪತ್ರಿಕೆಗಳ ಮೇಲೆ ‘ವರ್ಷ 109’, ‘ವರ್ಷ 111’ ಅಂತ ಇರುತ್ತೆ. ಇಲ್ಲಿನ ಲೆಕ್ಕ 1912ರಿಂದ ಶುರು. ಮೊದಲ ಸಲ ನೋಡಿದಾಗ ಶಾಸನ ಕೈಗೆ ಕೊಟ್ಟ ಹಾಗಿತ್ತು.

ನನ್ನ ಶಿಷ್ಯೆ ಬರುವುದು ರಾತ್ರಿ. ಹಗಲು ಶಾಲೆ, ಸಂಜೆ ಬುಶಿಬಾನ್. ಅಂದರೆ ಟ್ಯೂಷನ್ ಸೆಂಟರು. ಅದಾದ ಮೇಲೆ ಅವರ ಮನೆಯ ಊಟದ ಟೇಬಲ್ಲಿನ ಮೇಲೆ ನಾನು. ಅವಳ ಪೆನ್ಸಿಲ್ ಚೀಲ ತೆರೆದರೆ ಸಣ್ಣ ಸ್ಟೇಷನರಿ ಅಂಗಡಿ. ಗುಲಾಬಿ ಹೈಲೈಟರು ಇಸವಿಗಳಿಗೆ. ನೀಲಿ ಹೆಸರುಗಳಿಗೆ. ‘ಆದರೆ’, ‘ಹೀಗಿದ್ದರೂ’ ಅಂತ ಎಲ್ಲಿ ಬಂದರೂ ಹಸಿರು ಸುತ್ತು, ಯಾಕೆಂದರೆ ಉತ್ತರ ಅದರ ಹಿಂದೆ ಅಡಗಿರುತ್ತೆ. ಹಚ್ಚುವ ಕೆಲಸ ಮುಗಿಯುವ ಹೊತ್ತಿಗೆ ಪ್ಯಾಸೇಜು ಹೋಳಿ ಆಡಿ ಬಂದಿರುತ್ತೆ.

ನಾನು ಪಾಪ, ಮೊದಲ ಸಾಲಿನಿಂದ ಓದಲು ಶುರು ಮಾಡಿದೆ.

‘ಲಾಓಶಿ, ಯಾಕೆ ಓದ್ತಿದ್ದೀರಾ?’ ಅಂದಳು.

ಅವಳ ಬುಶಿಬಾನ್ ಸರ್ ಹೇಳಿಕೊಟ್ಟ ಕ್ರಮವೇ ಬೇರೆ. ಮೊದಲು ಪ್ರಶ್ನೆ. ಆಮೇಲೆ ಆಪ್ಷನ್. ‘ಯಾವಾಗಲೂ’, ‘ಎಂದಿಗೂ’ ಅಂತ ಹಟ ಹಿಡಿದ ಆಪ್ಷನ್ ಇದ್ದರೆ ಹೊಡೆದು ಹಾಕು. ಪ್ಯಾಸೇಜಿನ ಪದಗಳನ್ನು ಹಾಗೇ ಎತ್ತಿಕೊಂಡ ಆಪ್ಷನ್ ಇದ್ದರೆ ಅದು ಬಲೆ. (ನಮ್ಮ ಕೊರಟಗೆರೆ ವಿದ್ಯೆ ಪೂರ್ತಿ ಅಲ್ಲಿಗೆ ಸತ್ತಿತು.) ಮುಖ್ಯ ಅಭಿಪ್ರಾಯ ಕೇಳಿದರೆ ಪ್ರತಿ ಪ್ಯಾರಾದ ಮೊದಲ ಸಾಲು. ಲೇಖಕರ ಧೋರಣೆ ಕೇಳಿದರೆ, ಸುದ್ದಿಯ ಥರ ಇದ್ದರೆ ನಿರ್ಲಿಪ್ತ. ಇಷ್ಟು ಮಾಡಿಯೂ ಉತ್ತರ ಸಿಗದಿದ್ದರೆ, ಕೊನೆಯ ಉಪಾಯವಾಗಿ, ಪ್ಯಾಸೇಜ್ ಓದಬೇಕು. ಅವಳ ಮುಖ ನೋಡಿದರೆ ಅದು ಸೋತವರ ದಾರಿ.

ಬೇಜಾರಿನ ಸಂಗತಿ ಅಂದರೆ ಈ ಕ್ರಮದಲ್ಲಿ ಅವಳಿಗೆ ನನಗಿಂತ ಜಾಸ್ತಿ ಸರಿ ಬರುತ್ತಿತ್ತು.

ಆ ಟೇಬಲ್ಲಿನ ಆ ತುದಿಯಲ್ಲಿ ಅವಳ ಅಜ್ಜಿ ಕೂತಿರುತ್ತಾರೆ. ಮನೆಯಲ್ಲಿ ಎಲ್ಲರೂ ಕರೆಯುವ ಹಾಗೆ ನನಗೂ ಅವರು ಅಮಾ. ಕಡಲೆಕಾಯಿ ಬಿಡಿಸುತ್ತಲೋ ಸೊಪ್ಪು ಸೋಸುತ್ತಲೋ ಕೂರುತ್ತಾರೆ. ಮಾತು ತೈವಾನೀಸ್, ನನಗೋಸ್ಕರ ಅಲ್ಲಲ್ಲಿ ಮ್ಯಾಂಡರಿನ್. ಇಂಗ್ಲಿಷಿನ ಗಾಳಿ ಗಂಧ ಇಲ್ಲ. ಒಂದು ರಾತ್ರಿ ಪ್ಯಾಸೇಜಿನ ಪಕ್ಕದಲ್ಲಿದ್ದ ಚಿತ್ರ ನೋಡಿ ‘ಅದಕ್ಕೆ ಏನಾಯ್ತು?’ ಅಂತ ಕೇಳಿದರು.

ಚಿತ್ರದಲ್ಲಿ ಅಕ್ಟೋಪಸ್ ಇತ್ತು. ನಿಜವಾಗಿ ನಡೆದ ಕತೆ. ನ್ಯೂಜಿಲೆಂಡಿನ ನೇಪಿಯರ್ ಊರಿನ ಅಕ್ವೇರಿಯಂನಲ್ಲಿ ಇಂಕಿ ಅಂತ ಒಂದು ಅಕ್ಟೋಪಸ್ ಇತ್ತು. ಒಂದು ರಾತ್ರಿ ತೊಟ್ಟಿಯ ಮುಚ್ಚಳ ಚೂರು ಸರಿದಿತ್ತು. ಅಷ್ಟರಲ್ಲೇ ನುಸುಳಿ ಹೊರಗೆ ಬಂದು, ನೆಲದ ಮೇಲೆ ತೆವಳಿಕೊಂಡು, 50 ಮೀಟರ್ ಉದ್ದದ ಚರಂಡಿ ಪೈಪಿನೊಳಗೆ ಇಳಿದು ಸಮುದ್ರ ಸೇರಿಬಿಟ್ಟಿತು. 2016ರಲ್ಲಿ ಜಗತ್ತಿನ ಪೇಪರುಗಳಲ್ಲೆಲ್ಲ ಬಂದಿತ್ತು.

ಶಿಷ್ಯೆ ಇಷ್ಟನ್ನು ಅಮಾಗೆ ಎರಡು ಸಾಲಿನಲ್ಲಿ ಒಪ್ಪಿಸಿ ಮೂರನೇ ಪ್ರಶ್ನೆಗೆ ಹೋಗಲು ನೋಡಿದಳು. ಅಮಾ ಬಿಡಲಿಲ್ಲ.

‘ಮುಚ್ಚಳ ತೆರೆದಿಟ್ಟವರು ಯಾರು?’

‘ಕೊಟ್ಟಿಲ್ಲ, ಅಮಾ.’

‘ಸರಿಯಾಗಿ ಊಟ ಹಾಕ್ತಿರಲಿಲ್ವಾ?’

‘ಕೊಟ್ಟಿಲ್ಲ.’

‘ಒಂದೇ ಇತ್ತಾ ತೊಟ್ಟೀಲಿ?’

ಹುಡುಗಿ ಹೈಲೈಟರ್ ಕೆಳಗಿಟ್ಟು ಕೊನೆಯ ಪ್ಯಾರಾ ಓದಿದಳು. ಆ ಪ್ಯಾರಾದ ಮೇಲೆ ಪ್ರಶ್ನೆಯೇ ಇರಲಿಲ್ಲ, ಹಾಗಾಗಿ ಅದಕ್ಕೆ ಒಂದು ಬಣ್ಣವೂ ಬಿದ್ದಿರಲಿಲ್ಲ. ಅಲ್ಲಿ ಅರ್ಧ ಸಾಲು ಇತ್ತು: ಇನ್ನೊಂದು ಅಕ್ಟೋಪಸ್ ಜೊತೆಗಿತ್ತು, ಅದು ತೊಟ್ಟಿಯಲ್ಲೇ ಉಳಿಯಿತು.

ಅಮಾ ಕಡಲೆಕಾಯಿ ನಿಲ್ಲಿಸಿದರು. ‘ಅದು ಯಾಕೆ ಹೋಗ್ಲಿಲ್ಲ?’

ಎಂಥ ಪ್ರಶ್ನೆ! ಪುಸ್ತಕ ಮಾಡಿದವರು ಕೇಳಿದ್ದು ಏನು ಗೊತ್ತಾ? ಈ ಬರಹವನ್ನು ಎಲ್ಲಿಂದ ತೆಗೆದಿರಬಹುದು, ಪತ್ರಿಕೆಯಿಂದಲೋ ಕೈಪಿಡಿಯಿಂದಲೋ ಜಾಹೀರಾತಿನಿಂದಲೋ. ಇವುಗಳಲ್ಲಿ ಯಾವುದನ್ನು ಹೇಳಿಲ್ಲ. ಮುಂದಿನ ಪ್ಯಾರಾದಲ್ಲಿ ಏನು ಬರಬಹುದು. ಅಕ್ಟೋಪಸ್ ಓಡಿಹೋಗಿದೆ ಸ್ವಾಮಿ, ಮನೆಯಲ್ಲಿ ಒಬ್ಬರನ್ನು ಬಿಟ್ಟು! ಅದರ ಬಗ್ಗೆ ಒಂದು ಮಾತು ಕೇಳಬಾರದಾ?

(ಮರುದಿನ ಅವರ ಮನೆಯಿಂದ ಅಕ್ಟೋಪಸ್ಸಿನ ದಾಯಾದಿ ಸ್ಕ್ವಿಡ್ ಹುರಿಯುವ ವಾಸನೆ ನಮ್ಮ ಮನೆವರೆಗೂ ಬಂತು. ಅಮಾ ಕನಿಕರವನ್ನು ಒಲೆಯ ಹತ್ತಿರ ಬಿಡುವುದಿಲ್ಲ.)

ಆ ಪ್ಯಾಸೇಜಿನ ಮೂರನೇ ಪ್ರಶ್ನೆಯೇ ಆಮೇಲೆ ಊರೆಲ್ಲ ಸುತ್ತಿದ್ದು. ಅದಕ್ಕೆ ಕಾರಣ ಕಸದ ಗಾಡಿ. ಇಲ್ಲಿ ಕಸವನ್ನು ಬೀದಿಯಲ್ಲಿ ಇಡುವ ಹಾಗಿಲ್ಲ, ಗಾಡಿ ಬಂದಾಗ ಕೈಯಾರೆ ಹಾಕಬೇಕು. ಗಾಡಿ ಬೇಥೋವನ್ನನ ‘ಫ್ಯೂರ್ ಎಲೀಜ಼’ ನುಡಿಸಿಕೊಂಡು ಬರುತ್ತೆ. ಆ ಸಂಗೀತ ಕೇಳಿದರೆ ಮನೆಗಳಿಂದ ಜನ ಚಪ್ಪಲಿ ತಪ್ಪಿಸಿಕೊಂಡು ಓಡಿ ಬರುತ್ತಾರೆ. ಅದರ ಹಿಂದೆಯೇ ರದ್ದಿ, ಬಾಟಲಿ ತೆಗೆದುಕೊಳ್ಳುವ ಗಾಡಿ. ಅವತ್ತು ಪಾಠದ ಮಧ್ಯೆ ಬೇಥೋವನ್ ಕೇಳಿಸಿತು. ಅಮಾ ಟೇಬಲ್ಲಿನ ಮೇಲಿದ್ದ ಹಳೇ ಪೇಪರನ್ನೆಲ್ಲ ಬಾಚಿಕೊಂಡು ಕೆಳಗೆ ಓಡಿದರು. ಅದರಲ್ಲಿ ಉತ್ತರದ ಪುಸ್ತಿಕೆಯೂ ಹೋಯಿತು. ತೆಳ್ಳಗೆ, ಬಣ್ಣವಿಲ್ಲದೆ, ಚಿತ್ರವಿಲ್ಲದೆ ಇತ್ತು. ಅಮಾ ಲೆಕ್ಕದಲ್ಲಿ ಅದು ರದ್ದಿಯೇ.

ಉಳಿದಿದ್ದು ಪ್ರಶ್ನೆ ಮಾತ್ರ. ಅಕ್ವೇರಿಯಂ ಸಿಬ್ಬಂದಿಯ ಬಗ್ಗೆ ಲೇಖಕರ ಧೋರಣೆ ಎಂಥದ್ದು? ಮೆಚ್ಚುಗೆ, ಟೀಕೆ, ತಮಾಷೆ, ನಿರ್ಲಿಪ್ತ.

ಶಿಷ್ಯೆ ಓದದೇ ‘ನಿರ್ಲಿಪ್ತ’ ಅಂದಳು. ಸುದ್ದಿಯ ಥರ ಇದೆಯಲ್ಲ.

ನಾನು ತಮಾಷೆ ಅಂದೆ. ಆ ಬರಹದಲ್ಲಿ ಒಂದು ತೆಳುವಾದ ನಗು ಇತ್ತು, ನನಗೆ ಈಗಲೂ ಅನುಮಾನವಿಲ್ಲ.

ಅವಳ ಅಮ್ಮ ಚಿಪ್ ಫ್ಯಾಕ್ಟರಿಯೊಂದರ ಕ್ವಾಲಿಟಿ ವಿಭಾಗದವರು. ಆಕೆಗೆ ಟೀಕೆ ಬಿಟ್ಟು ಬೇರೆ ಉತ್ತರ ಸಾಧ್ಯವೇ ಇರಲಿಲ್ಲ. ‘ಮುಚ್ಚಳ ತೆರೆದೇ ಬಿಟ್ಟಿದ್ದಾರೆ! ನಮ್ಮಲ್ಲಾಗಿದ್ರೆ ಆ ಶಿಫ್ಟಿನವರೆಲ್ಲ ರಿಪೋರ್ಟ್ ಬರೀಬೇಕಿತ್ತು’ ಅಂದರು. ಲೇಖಕರು ಹಾಗೆ ಎಲ್ಲಿ ಹೇಳಿದ್ದಾರೆ ಅಂದರೆ, ‘ಹೇಳಬೇಕಿತ್ತು’ ಅಂದರು.

ಮರುದಿನ ಲ್ಯಾಬಿಗೆ ತಗೊಂಡು ಹೋದೆ. ನಮ್ಮ ಲ್ಯಾಬಿನ ದೊಡ್ಡ ಯಂತ್ರದ ಮೇಲೆ ಹಸಿರು ಪ್ಯಾಕೆಟ್ಟಿನ ಕುಆಯ್‌ಕುಆಯ್ ಅನ್ನುವ ಕುರುಕಲು ತಿಂಡಿ ಇಟ್ಟಿರುತ್ತಾರೆ. ಅದು ಇದ್ದರೆ ಯಂತ್ರ ತರಲೆ ಮಾಡುವುದಿಲ್ಲ ಅಂತ ಇಲ್ಲಿನ ಇಂಜಿನಿಯರುಗಳ ನಂಬಿಕೆ. ಪ್ಯಾಕೆಟ್ ಹಸಿರೇ ಇರಬೇಕು, ಎಕ್ಸ್‌ಪೈರಿ ದಾಟಿರಬಾರದು. ಆಯುಧಪೂಜೆಗೆ ಸ್ಕೂಟರಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಬೆಳೆದ ನನಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಇರಲಿ. ಅಲ್ಲಿ ಐರ್ಲೆಂಡಿನವನೊಬ್ಬ ಇದ್ದಾನೆ, ಇಂಗ್ಲಿಷ್ ನಿಜವಾಗಿ ಹುಟ್ಟಿನಿಂದ ಬಂದವನು. ಅವನು ಪ್ಯಾಸೇಜನ್ನು ನಿಧಾನವಾಗಿ ಓದಿದ. ಇನ್ನೊಂದು ಸಲ ಓದಿದ. ‘ನಾಲ್ಕೂ ತಪ್ಪು. ಈ ಲೇಖಕನಿಗೆ ಸಿಬ್ಬಂದಿ ನೆನಪೇ ಇಲ್ಲ. ಅವನ ಮನಸ್ಸೆಲ್ಲ ಅಕ್ಟೋಪಸ್ ಮೇಲಿದೆ’ ಅಂದ. ನಮ್ಮ ಪ್ರೊಫೆಸರ್ ಹಾದುಹೋಗುತ್ತಾ ಹಾಳೆ ನೋಡಿ, ‘ಮೆಚ್ಚುಗೆ’ ಅಂತ ಹೇಳಿ ಹೋದರು. ಯಾಕೆ ಅಂತ ಪ್ರೊಫೆಸರನ್ನು ಕೇಳುವ ಪದ್ಧತಿ ನಮ್ಮಲ್ಲಿಲ್ಲ.

ರಾತ್ರಿ ಶಿಷ್ಯೆಯ ಗೆಳತಿ ತನ್ನ ಪುಸ್ತಿಕೆಯ ಫೋಟೋ ಲೈನ್ ಆ್ಯಪಿನಲ್ಲಿ ಕಳಿಸಿದಳು. ಉತ್ತರ: ನಿರ್ಲಿಪ್ತ.

‘ನಾನು ಹೇಳಿದ್ನಲ್ಲ’ ಅಂದಳು ನಮ್ಮ ಹುಡುಗಿ, ಹಸಿರು ಪೆನ್ನಿನ ಕ್ಯಾಪ್ ಹಾಕುತ್ತಾ. ಓದಿದವರೆಲ್ಲ ತಪ್ಪು, ಓದದವಳು ಸರಿ. ಡಾಕ್ಟರೇಟ್ ಇರುವ ಮೂವರನ್ನು ಮಕಾಡೆ ಮಲಗಿಸಿದ ಆ ಬುಶಿಬಾನ್ ಸರ್‌ಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಅಲ್ಲಿಂದ ಮುಂದೆ ನಮ್ಮ ಪಾಠಕ್ಕೆ ಎರಡು ಭಾಗವಾಯಿತು. ಮೊದಲು ಅವಳ ಸರ್ ಹೇಳಿದ ಹಾಗೆ ಉತ್ತರ ಹೊಡೆಯುವುದು, ಅದರಲ್ಲಿ ನನ್ನ ಕೆಲಸ ಗಡಿಯಾರ ನೋಡುವುದು. ಆಮೇಲೆ ಅಮಾಗೆ ಕತೆ ಹೇಳುವುದು. ಎರಡನೆಯದಕ್ಕೆ ಹುಡುಗಿ ಹೆದರುತ್ತಿದ್ದಳು. ‘ಲಾಓಶಿ, ಅಮಾ ಪ್ರಶ್ನೆಗೆ ಆಪ್ಷನ್ನೇ ಇರಲ್ಲ’ ಅನ್ನುತ್ತಿದ್ದಳು. ಮುಂಬೈ ಡಬ್ಬಾವಾಲಾಗಳ ಪ್ಯಾಸೇಜ್ ಬಂದ ದಿನ ಅಮಾ ನೇರವಾಗಿ ನನ್ನ ಕಡೆ ತಿರುಗಿದರು. 1890ರಿಂದ ನಡೆಯುತ್ತಿದೆ, ಬಿಳಿ ಟೋಪಿ ಹಾಕಿಕೊಂಡು ಲೋಕಲ್ ಟ್ರೇನಿನಲ್ಲಿ ಬುತ್ತಿ ಒಯ್ಯುತ್ತಾರೆ, ಇದೆಲ್ಲ ಪ್ಯಾಸೇಜಿನಲ್ಲಿತ್ತು. ಅಮಾಗೆ ಬೇಕಿದ್ದಿದ್ದು ಅದಲ್ಲ. ಡಬ್ಬಿಯಲ್ಲಿ ಏನಿರುತ್ತೆ? ಹೋಗುವಷ್ಟರಲ್ಲಿ ಆರಿ ಹೋಗಲ್ವಾ? ಹೆಂಡತಿ ಮೇಲೆ ಸಿಟ್ಟಿದ್ದರೆ ಡಬ್ಬಿ ತಿನ್ನದೆ ವಾಪಸ್ ಕಳಿಸ್ತಾರಾ? ಮುಂಬೈಗೂ ನನಗೂ ವಿಮಾನ ಬದಲಿಸಿದ ಸಂಬಂಧ ಮಾತ್ರ. ಆದರೂ ದೇಶದ ಮಾನ ಕಾಪಾಡಬೇಕಲ್ಲ, ಮರುದಿನ ಚಪಾತಿ ಪಲ್ಯ ಮಾಡಿ ಸ್ಟೀಲ್ ಡಬ್ಬಿಯಲ್ಲಿ ಕೊಟ್ಟು ಬಂದೆ. ಡಬ್ಬಿ ಖಾಲಿ ಬರಲಿಲ್ಲ. ಎಲೆಕೋಸು, ಅಣಬೆ ಹಾಕಿ ಹುರಿದ ಅಕ್ಕಿ ಶಾವಿಗೆ ತುಂಬಿ ಬಂತು, ನನಗೋಸ್ಕರ ಮಾಂಸ, ಸಿಗಡಿ ಇಲ್ಲದೆ. ಒಂದು ಹಿಡಿ ಒಗ್ಗರಣೆ, ಅರ್ಧ ನಿಂಬೆಹಣ್ಣು ಬಿದ್ದಿದ್ದರೆ ನಮ್ಮ ಮನೆಯ ಶಾವಿಗೆಯೇ.

ಪರೀಕ್ಷೆ ಹತ್ತಿರ ಬಂದಾಗ ಅಮಾ ವೆನ್‌ಛಾಂಗ್ ದೇವರ ಗುಡಿಗೆ ಹೋದರು. ಓದಿನ ಮೇಲ್ವಿಚಾರಣೆ ಆ ದೇವರದ್ದು. ಬುದ್ಧಿಗೆ ಈರುಳ್ಳಿ ಸೊಪ್ಪು, ಶ್ರದ್ಧೆಗೆ ಸೆಲರಿ, ಅದೃಷ್ಟಕ್ಕೆ ಮೂಲಂಗಿ. ಜೊತೆಗೆ ಹಾಲ್ ಟಿಕೆಟ್ಟಿನ ಜೆರಾಕ್ಸ್. ನಾನೂ ಹೋಗಿದ್ದೆ. ಅಮಾ ಊದುಬತ್ತಿ ಹಿಡಿದು ದೇವರಿಗೆ ಹೆಸರು, ಹುಟ್ಟಿದ ದಿನ, ಮನೆ ವಿಳಾಸ, ರಿಜಿಸ್ಟರ್ ನಂಬರು ಎಲ್ಲವನ್ನೂ ನಿಧಾನವಾಗಿ ಹೇಳಿದರು, ಎರಡು ಸಲ. ಆ ಗುಡಿಯಲ್ಲಿ ಅವತ್ತು ಅಷ್ಟೊಂದು ಜೆರಾಕ್ಸ್ ಪ್ರತಿಗಳಿದ್ದವು. ಮಾರ್ಕ್ಸು ಬೇರೆಯವರ ಮನೆಗೆ ಹೋಗಿಬಿಟ್ಟರೆ ಯಾರನ್ನು ಕೇಳುವುದು? ವಾಪಸ್ ಬಂದು ಆ ಸೆಲರಿಯನ್ನು ಹುಡುಗಿಗೆ ತಿನ್ನಿಸಿದರು. ಅವಳಿಗೆ ಸೆಲರಿ ಕಂಡರೆ ಆಗುವುದಿಲ್ಲ.

ಇಂಗ್ಲಿಷ್ ಪೇಪರಿನ ದಿನ ಸಂಜೆ ಹುಡುಗಿ ಬಂದು ಚೀಲ ಬಿಸಾಡಿ ಸೋಫಾ ಮೇಲೆ ಬಿದ್ದಳು. ಅಮ್ಮ ‘ಎಷ್ಟು ಬರಬಹುದು?’ ಅಂದರು. ನಾನು ‘ಟೈಮ್ ಸಾಕಾಯ್ತಾ?’ ಅಂದೆ. ಎರಡಕ್ಕೂ ಒಂದೇ ಸಲ ತಲೆ ಅಲ್ಲಾಡಿಸಿದಳು.

ಅಮಾ ಸೀತಾಫಲ ಬಿಡಿಸಿ ತಟ್ಟೆಯಲ್ಲಿಟ್ಟು ಅವಳ ಕಾಲ ಹತ್ತಿರ ಕೂತರು. ‘ಇವತ್ತು ಏನು ಕತೆ ಬಂದಿತ್ತು?’

ಹುಡುಗಿ ಕಣ್ಣು ಮುಚ್ಚಿ ಯೋಚನೆ ಮಾಡಿದಳು. ‘ಗೊತ್ತಿಲ್ಲ, ಅಮಾ.’

‘100 ನಿಮಿಷ ಕೂತು ಓದಿದ್ದೀಯ. ಒಂದೂ ನೆನಪಿಲ್ವಾ?’

‘ಓದಿಲ್ಲ ಅಮಾ, ಬರೀ ಉತ್ತರ ಹಾಕ್ದೆ.’

ಅಮಾ ನನ್ನ ಕಡೆ ನೋಡಿದ ರೀತಿ ಇದೆಯಲ್ಲ, ಅದನ್ನು ನಿರ್ಲಿಪ್ತ ಅನ್ನಲು ಯಾವ ಸರ್‌ಗೂ ಆಗುವುದಿಲ್ಲ. ಪರೀಕ್ಷಾ ಕೇಂದ್ರದವರು ಪ್ರಶ್ನೆಪತ್ರಿಕೆಯನ್ನು ವೆಬ್‌ಸೈಟಿನಲ್ಲಿ ಹಾಕುತ್ತಾರೆ. ಮೂಲೆಯ ಸೆವೆನ್ ಇಲೆವೆನ್ ಅಂಗಡಿಯ ಮೆಷಿನ್ನಿನಲ್ಲಿ ಪ್ರಿಂಟ್ ತೆಗೆಸಿಕೊಂಡು ಬಂದೆ. ಅಮಾ ಆಗಲೇ ಕಡಲೆಕಾಯಿ ಬುಟ್ಟಿ ಟೇಬಲ್ಲಿನ ಮೇಲಿಟ್ಟು, ಕನ್ನಡಕ ಹಾಕಿಕೊಂಡು ರೆಡಿ ಇದ್ದರು. ನಾನು ಹಾಳೆ ಬಿಡಿಸುವ ಮೊದಲೇ ಶುರು ಮಾಡಿದರು: ‘ಇದರಲ್ಲಿ ಯಾರ್ಯಾರು ಇದ್ದಾರೆ?’